ಪಿಎಚ್.ಡಿ. ಮಾಡಲೇ, ಬೇಡವೇ?

ಪ್ರಶ್ನೆ: ಇತಿಹಾಸದಲ್ಲಿ ಎಂ.ಎ. ಮುಗಿಸಿ, ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಪಿಎಚ್.ಡಿ. ಇಲ್ಲದೆ ಕಾಯಂ ಕೆಲಸ ಸಿಗಲ್ಲ, ಬೇಗ ರಿಜಿಸ್ಟರ್ ಮಾಡಿಸು ಅಂತಾರೆ ಜೊತೆಯವರು. ಇನ್ನೂ ಎಷ್ಟು ಓದ್ತೀ ಅಂತಾರೆ ಮನೆಯವರು. ಲಕ್ಕುಂಡಿ ಶಾಸನಗಳ ಮೇಲೆ ಏನಾದರೂ ಮಾಡುವ ಆಸೆಯಿದೆ. ಏನು ಮಾಡಲಿ?
– ಓದುಗರು, ಗದಗ

ಉತ್ತರ: ನಿಮ್ಮ ಜೊತೆಯವರದು ಹಳೇ ಸುದ್ದಿ. ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್.ಡಿ. ಕಡ್ಡಾಯ ಎಂದು ಯುಜಿಸಿ 2018ರಲ್ಲಿ ಹೇಳಿತ್ತು. 2023ರ ಜುಲೈನಲ್ಲಿ ಅದನ್ನು ಕೈಬಿಟ್ಟಿತು. ಈಗ ಎಂ.ಎ.ಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ಕೆಸೆಟ್ (ಉಪನ್ಯಾಸಕರಾಗಲು ರಾಷ್ಟ್ರ, ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಗಳು) ಇದ್ದರೆ ಅರ್ಜಿ ಹಾಕಬಹುದು. ಡಾಕ್ಟರೇಟ್ ಇದ್ದವರಿಗೆ ಆಯ್ಕೆಯಲ್ಲಿ ತೂಕ ಜಾಸ್ತಿ, ಅದು ಬೇರೆ ಮಾತು. ಆದರೆ ಬರೀ ಕೆಲಸಕ್ಕಾಗಿಯಾದರೆ ಮೊದಲು ಪರೀಕ್ಷೆಗೆ ಕೂರಿ.

ನೆಟ್‌ನಲ್ಲಿ ಹೆಚ್ಚು ಅಂಕ ಬಂದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ಸಿಕ್ಕಿದರೆ ಲೆಕ್ಕವೇ ಬೇರೆ. ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಅದಿಲ್ಲದೆ, ಇರುವ ಕೆಲಸವನ್ನೂ ಬಿಟ್ಟು ಸೇರುವುದಾದರೆ ನಾನಂತೂ ಬೇಡ ಅಂತೀನಿ. ಮನೆಯಲ್ಲಿ ‘ಮೂರೇ ವರ್ಷ’ ಅಂತ ಹೇಳಿಬಿಡಬೇಡಿ. ಮೂರು ಅನ್ನುವುದು ಕನಿಷ್ಠ. ನಿಯಮವೇ ಆರು ವರ್ಷದವರೆಗೆ ಬಿಡುತ್ತದೆ, ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಹೆಚ್ಚಿಗೆ ಕೊಡುತ್ತದೆ.

ಇನ್ನು ಗೈಡ್. ವಿಶ್ವವಿದ್ಯಾಲಯದ ಹೆಸರಿಗಿಂತ ಇದು ಮುಖ್ಯ. ಪಿಎಚ್.ಡಿ. ಪ್ರಬಂಧಗಳನ್ನಿಟ್ಟಿರುವ ಶೋಧಗಂಗಾ ಜಾಲತಾಣ ತೆರೆದು ಅವರ ಕೈಕೆಳಗೆ ಬಂದ ಥೀಸಿಸ್‌ಗಳನ್ನು ನೋಡಿ. ‘ಇಂಥ ಜಿಲ್ಲೆಯಲ್ಲಿ ಸ್ವಾತಂತ್ರ್ಯ ಚಳವಳಿ: ಒಂದು ಅಧ್ಯಯನ’ ಅಂತ ಜಿಲ್ಲೆಯ ಹೆಸರು ಮಾತ್ರ ಬದಲಾಗುತ್ತಾ ಹೋಗಿದ್ದರೆ ಅರ್ಥವಾಯಿತಲ್ವಾ? ಅವರ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದು ಟೀ ಕುಡಿಸಿ. ಬರೆದುಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತೆ, ಅದರಲ್ಲಿ ಪೆನ್ನಿನ ಗುರುತು ಇರುತ್ತಾ ಎಂದು ಕೇಳಿ. ವಿಭಾಗದ ಕಾರಿಡಾರಿನಲ್ಲಿ ಈ ಮಾತು ಯಾರೂ ಬಾಯಿ ಬಿಡುವುದಿಲ್ಲ.

‘ಲಕ್ಕುಂಡಿ ಮೇಲೆ ಏನಾದರೂ’ ಅಂದರೆ ಸಾಲದು. ಅತ್ತಿಮಬ್ಬೆಯ 1007ರ ಶಾಸನದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆದರೆ ಆ ಊರಿನಲ್ಲಿ ಟಂಕಸಾಲೆಯೂ ಇತ್ತು. ಅಲ್ಲಿ ಅಚ್ಚಾದ ಚಿನ್ನದ ನಾಣ್ಯ ಲೊಕ್ಕಿ ಗದ್ಯಾಣ ಎಲ್ಲೆಲ್ಲಿವರೆಗೆ ಓಡಾಡಿತು? ಯಾರು ಯಾರಿಗೆ ಕೊಟ್ಟರು? ಇಂಥ ಪ್ರಶ್ನೆ ಹಿಡಿದರೆ ಆರು ವರ್ಷಕ್ಕೆ ಸಾಕಾಗುವಷ್ಟು ಕೆಲಸವಿದೆ.

ರಿಜಿಸ್ಟರ್ ಮಾಡಿಸುವ ಮುಂಚೆ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ 11ನೇ ಸಂಪುಟ ಹುಡುಕಿ ತನ್ನಿ. ನಿಮ್ಮ ಕಡೆಯ ಚಾಲುಕ್ಯ ಶಾಸನಗಳು ಅದರಲ್ಲಿವೆ. ರಜೆಯಲ್ಲಿ ಕೂತು ಓದಿ, ನಾಣ್ಯದ ಮಾತು ಬಂದಲ್ಲೆಲ್ಲ ಬರೆದಿಟ್ಟುಕೊಳ್ಳಿ. ಹಳಗನ್ನಡ ತೊಡಕಾದರೂ ಪುಟ ಮುಂದೆ ಹೋಗುತ್ತಿದ್ದರೆ ಗೈಡ್ ಹುಡುಕಲು ಶುರುಮಾಡಿ. ನಾಲ್ಕನೇ ದಿನಕ್ಕೇ ಆಕಳಿಕೆ ಬಂದರೆ ಕೆಸೆಟ್ ಪುಸ್ತಕ ತೆಗೀರಿ.