ಮಗಳ ಸಾಕರ್ ಸೀಸನ್: ಟ್ರೈಔಟ್‌ಗೆ ಮೊದಲು ಮನೆಯಲ್ಲಿ ಆಗಬೇಕಾದ ಕೆಲಸ

ಜುಲೈ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡ ಮನೆಗಳಿಂದ ನನಗೆ ಬರುವ ಪತ್ರಗಳು ಜಾಸ್ತಿಯಾಗುತ್ತವೆ. ಹೆಚ್ಚಿನವು ಒಂದೇ ವಿಷಯದ ಸುತ್ತ: ಮಗಳು ಹೈಸ್ಕೂಲ್ ಸಾಕರ್ ತಂಡಕ್ಕೆ ಸೇರಬೇಕಂತೆ, ನಾವೇನು ಮಾಡಬೇಕು? ಇಲ್ಲಿನ ಶಾಲಾ ಆಟದ ವ್ಯವಸ್ಥೆಯಲ್ಲಿ ಬೆಳೆಯದ ಅಪ್ಪ ಅಮ್ಮಂದಿರಿಗೆ ಟ್ರೈಔಟ್ (ತಂಡಕ್ಕೆ ಆಯ್ಕೆ), ವಾರ್ಸಿಟಿ (ಶಾಲೆಯ ಮುಖ್ಯ ತಂಡ), ಜೆವಿ (ಅದರ ಕೆಳಗಿನ ಎರಡನೇ ತಂಡ) ಎಲ್ಲವೂ ಹೊಸತು. ಅದಕ್ಕೆ ಹಿಂಜರಿಯಬೇಡಿ. ಈ ಆಟವೇ ಇಲ್ಲಿನ ಹುಡುಗಿಯರಿಗೆ ಅಷ್ಟೇನೂ ಹಳೆಯದಲ್ಲ. 1971-72ರಲ್ಲಿ ಇಡೀ ದೇಶದ ಹೈಸ್ಕೂಲ್‌ಗಳಲ್ಲಿ ಸಾಕರ್ ಆಡುತ್ತಿದ್ದ ಹುಡುಗಿಯರು ಸುಮಾರು 700 ಮಾತ್ರ. 1972ರಲ್ಲಿ, ಶಾಲೆ ಕಾಲೇಜುಗಳಲ್ಲಿ ಹೆಣ್ಣು ಗಂಡೆಂದು ಭೇದ ಮಾಡಬಾರದು ಅನ್ನುವ ಟೈಟಲ್ ನೈನ್ ಕಾನೂನು ಬಂತು. ಈಗ ಆ ಸಂಖ್ಯೆ ಮೂರೂವರೆ ಲಕ್ಷ ದಾಟಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೀಸನ್ ಎಲ್ಲ ಕಡೆ ಒಂದೇ ಸಮಯಕ್ಕೆ ಬರುವುದಿಲ್ಲ. ಓಹಾಯೊ, ನ್ಯೂಜೆರ್ಸಿಯಲ್ಲಿ ಆಗಸ್ಟ್‌ನಿಂದ ಶುರು. ಕ್ಯಾಲಿಫೋರ್ನಿಯಾ, ಫ್ಲೋರಿಡಾಗಳಲ್ಲಿ ಚಳಿಗಾಲದಲ್ಲಿ. ಮಿಷಿಗನ್, ಇಲಿನಾಯ್‌ಗಳಲ್ಲಿ ಹುಡುಗರದ್ದು ಮುಗಿದ ಮೇಲೆ, ವಸಂತದಲ್ಲಿ ಹುಡುಗಿಯರ ಸರದಿ. ನಾನು ಹೇಳುವ ವಾರಗಳ ಲೆಕ್ಕವನ್ನು ನಿಮ್ಮ ರಾಜ್ಯಕ್ಕೆ ಹೊಂದಿಸಿಕೊಳ್ಳಿ.

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸಿಗೆ ಹೋಗುತ್ತಿದ್ದಾಳೆ. ಆಗಸ್ಟ್‌ನಲ್ಲಿ ಟ್ರೈಔಟ್. ಕೋಚ್ ಇಮೇಲ್‌ನಲ್ಲಿ "ಫಿಟ್ ಆಗಿ ಬನ್ನಿ" ಅಂತ ಮಾತ್ರ ಬರೆದಿದ್ದಾರೆ. ಆರು ವಾರ ಉಳಿದಿದೆ. ಏನು ಮಾಡಿಸಲಿ? (ಒಬ್ಬ ತಾಯಿ, ಓಹಾಯೊ)

ಮೊದಲು ಕಾಗದದ ಕೆಲಸ ಮುಗಿಸಿ. ಡಾಕ್ಟರ್ ಸಹಿ ಮಾಡಿದ ಫಿಸಿಕಲ್ ಫಾರ್ಮ್ (ದೇಹ ಪರೀಕ್ಷೆಯ ಪತ್ರ) ಇಲ್ಲದಿದ್ದರೆ ಮೊದಲ ದಿನ ಅವಳನ್ನು ಮೈದಾನಕ್ಕೇ ಬಿಡುವುದಿಲ್ಲ. ಜುಲೈ ಕೊನೆಗೆ ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ, ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಇವತ್ತೇ ಮಾಡಿ.

ಇನ್ನು ಫಿಟ್‌ನೆಸ್. ಹೆಚ್ಚಿನ ಮನೆಗಳಲ್ಲಿ ಮಗಳನ್ನು ದಿನಾ ಮೂರು ಮೈಲಿ ಜಾಗಿಂಗ್‌ಗೆ ಕಳಿಸುತ್ತಾರೆ. ಸಾಕರ್‌ಗೆ ಅಷ್ಟೇ ಸಾಲದು. ಹೈಸ್ಕೂಲ್ ಪಂದ್ಯ ಅಂದರೆ 40 ನಿಮಿಷದ ಎರಡು ಅವಧಿ. ಆ 80 ನಿಮಿಷದಲ್ಲಿ ಅವಳು ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಹದಿನೈದು ಗಜ ಜೋರಾಗಿ ಓಡುತ್ತಾಳೆ, ಗಕ್ಕನೆ ನಿಲ್ಲುತ್ತಾಳೆ, ತಿರುಗುತ್ತಾಳೆ, ಸ್ವಲ್ಪ ನಡೆಯುತ್ತಾಳೆ, ಮತ್ತೆ ಓಡುತ್ತಾಳೆ. ತಯಾರಿಯೂ ಹಾಗೇ ಇರಬೇಕು.

ಮೊದಲ ಎರಡು ವಾರ, ವಾರಕ್ಕೆ ಮೂರು ದಿನ ಇಪ್ಪತ್ತು ಇಪ್ಪತ್ತೈದು ನಿಮಿಷ ಆರಾಮಾದ ಓಟ ಸಾಕು. ಮೂರನೇ ವಾರದಿಂದ ಅದರಲ್ಲಿ ಎರಡು ದಿನವನ್ನು ಚಿಕ್ಕ ಓಟಗಳಿಗೆ ಇಡಿ. ಗೋಲ್ ಗೆರೆಯಿಂದ ಪೆನಾಲ್ಟಿ ಬಾಕ್ಸ್‌ನ ಅಂಚಿಗೆ 18 ಗಜ. ಅಲ್ಲಿಗೆ ಪೂರ್ತಿ ವೇಗದಲ್ಲಿ ಓಡಿ, ನಡೆದುಕೊಂಡು ವಾಪಸ್ ಬರುವುದು. ಹೀಗೆ ಎಂಟು ಸಲ, ಮೂರು ನಿಮಿಷ ವಿಶ್ರಾಂತಿ, ಇನ್ನೊಮ್ಮೆ ಎಂಟು ಸಲ. ದಿನಾ ಸ್ವಲ್ಪ ಹೊತ್ತಾದರೂ ಚೆಂಡು ಕಾಲಲ್ಲಿರಲಿ. ವಾರಕ್ಕೊಂದು ದಿನ ಏನೂ ಬೇಡ. ಕೆಲವು ಕೋಚ್‌ಗಳು ಎರಡು ಮೈಲಿ ಓಟದ ಟೈಮ್ ನೋಡುತ್ತಾರೆ, ಕೆಲವರು ಬೀಪ್ ಟೆಸ್ಟ್ (ಬೀಪ್ ಸದ್ದಿಗೆ ಸರಿಯಾಗಿ ಎರಡು ಗೆರೆಗಳ ನಡುವೆ ವೇಗ ಹೆಚ್ಚಿಸುತ್ತಾ ಓಡುವುದು) ಮಾಡಿಸುತ್ತಾರೆ. ಯಾವುದು ಅಂತ ಕೇಳಿ ಒಂದು ಇಮೇಲ್ ಬರೆಯಬೇಕು. ಅದನ್ನು ಅವಳೇ ಬರೆಯಲಿ, ನೀವಲ್ಲ. ಆ ಹುಡುಗಿಯ ಹೆಸರು ಕೋಚ್ ಕಣ್ಣಿಗೆ ಮೊದಲು ಬೀಳುವುದು ಅವಳದೇ ಪತ್ರದಲ್ಲಾದರೆ ಚೆನ್ನ.

ಬಿಸಿಲಿನ ವಿಷಯ. ದೇಹ ಸೆಕೆಗೆ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ಪೂರ್ತಿ ಬೇಸಿಗೆ ಬೆಳಗಿನ ತಂಪಿನಲ್ಲಿ ಓಡಿದವಳು ಆಗಸ್ಟ್‌ನ ಮಧ್ಯಾಹ್ನದ ಪ್ರಾಕ್ಟೀಸ್‌ನಲ್ಲಿ ತಲೆಸುತ್ತಿ ಕೂತುಬಿಡುತ್ತಾಳೆ. ಕೊನೆಯ ಎರಡು ವಾರ ಪ್ರಾಕ್ಟೀಸ್ ನಡೆಯುವ ಹೊತ್ತಿಗೇ ಹೊರಗೆ ಹೋಗಲಿ. ಮೊದಲು ಕಡಿಮೆ ಹೊತ್ತು, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಕೈಯಲ್ಲಿ ನೀರಿರಬೇಕು.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವುದು: ಮೊಣಕಾಲು. ಇವತ್ತು ಸಂಜೆ ಮಗಳನ್ನು ಮನೆಯ ಮೆಟ್ಟಿಲಿನ ಎಲ್ಲಕ್ಕಿಂತ ಕೆಳಗಿನ ಹಂತದ ಮೇಲೆ ನಿಲ್ಲಿಸಿ. ಎರಡೂ ಕಾಲಲ್ಲಿ ಕೆಳಗೆ ಜಿಗಿಯಲು ಹೇಳಿ, ನೀವು ಎದುರಿಗೆ ಕೂತು ನೋಡಿ. ನೆಲ ಮುಟ್ಟುವಾಗ ಎರಡೂ ಮೊಣಕಾಲು ಒಳಕ್ಕೆ ಬಾಗಿ ಒಂದಕ್ಕೊಂದು ಹತ್ತಿರ ಬರುತ್ತವಾ? ಕಾಲು ನೆಟ್ಟಗೇ ಉಳಿದು "ಧಪ್" ಅಂತ ಸದ್ದಾಗುತ್ತದಾ? ಹಾಗಾದರೆ ಕೆಲಸ ಇದೆ. ಸಾಕರ್‌ನಲ್ಲಿ ಮೊಣಕಾಲಿನ ಎಸಿಎಲ್ (ಮೂಳೆಗಳನ್ನು ಹಿಡಿದಿಡುವ ಒಳಗಿನ ಪಟ್ಟಿ) ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಎರಡು ಮೂರು ಪಟ್ಟು ಹೆಚ್ಚು. ಬಹಳಷ್ಟು ಸಲ ಯಾರೂ ಮುಟ್ಟದೇ ಹರಿಯುತ್ತದೆ, ಜಿಗಿದು ಇಳಿಯುವಾಗ, ಓಡುತ್ತಾ ಗಕ್ಕನೆ ತಿರುಗುವಾಗ. ಆಪರೇಷನ್ ಆದರೆ ಮತ್ತೆ ಆಡಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು.

ಇದಕ್ಕೆ ಒಳ್ಳೆಯ ಉಪಾಯ ಇದೆ, ದುಡ್ಡೂ ಬೇಡ. ಫಿಫಾ 11 ಪ್ಲಸ್ ಅಂತ ಒಂದು ವಾರ್ಮ್‌ಅಪ್. ಒಟ್ಟು 15 ವ್ಯಾಯಾಮ, ಸುಮಾರು 20 ನಿಮಿಷ. ನಾರ್ವೆಯಲ್ಲಿ 13ರಿಂದ 17 ವಯಸ್ಸಿನ ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ವಾರಕ್ಕೆ ಎರಡು ಮೂರು ಸಲ ಮಾಡಲಿ. ಆದರೆ ಸುಮ್ನೆ ಕೈಕಾಲು ಆಡಿಸಿದರೆ ಏನೂ ಸಿಗುವುದಿಲ್ಲ. ನಾನು ಹುಡುಗಿಯರಿಗೆ ಹೇಳುವುದು ಇಷ್ಟೇ: ಬೆಕ್ಕು ಇಳಿದ ಹಾಗೆ ಇಳಿ, ಸದ್ದಾಗಬಾರದು.

ಪ್ರಶ್ನೆ: ಏನೇನು ಕೊಳ್ಳಬೇಕು? ಮೂಗುಬೊಟ್ಟು ತೆಗೆಯಲೇಬೇಕಾ?

ಕ್ಲೀಟ್ಸ್ (ಅಡಿಯಲ್ಲಿ ಗುಬುಟುಗಳಿರುವ ಆಟದ ಶೂ), ಶಿನ್ ಗಾರ್ಡ್ (ಮೊಣಕಾಲ ಕೆಳಗಿನ ಮುಂಗಾಲಿಗೆ ಕಟ್ಟುವ ರಕ್ಷೆ), 5ನೇ ಸೈಜಿನ ಚೆಂಡು, ದೊಡ್ಡ ನೀರಿನ ಬಾಟಲಿ. ಶಿನ್ ಗಾರ್ಡ್ ಮೇಲೆ ನೋಕ್ಸಿ (NOCSAE, ಆಟದ ಸಾಮಾನಿನ ಸುರಕ್ಷತಾ ಗುಣಮಟ್ಟ) ಮುದ್ರೆ ಇದೆಯಾ ನೋಡಿ, ಇಲ್ಲದಿದ್ದರೆ ಶಾಲಾ ಪಂದ್ಯದಲ್ಲಿ ನಡೆಯುವುದಿಲ್ಲ. ಅದರ ಕೆಳ ಅಂಚು ಪಾದದ ಗಂಟಿನಿಂದ ಎರಡು ಇಂಚಿಗಿಂತ ಮೇಲಿರಬಾರದು. ಹೋದ ವರ್ಷದ್ದು ಈ ವರ್ಷ ಗಿಡ್ಡವಾಗಿರುತ್ತದೆ, ಗಮನಿಸಿ. ಹೊಸ ಶೂವನ್ನು ಟ್ರೈಔಟ್ ದಿನ ಹಾಕಿಸಬೇಡಿ, ಎರಡು ವಾರ ಮೊದಲೇ ಕಾಲಿಗೆ ಪಳಗಲಿ.

ಮೂಗುಬೊಟ್ಟು, ಓಲೆ, ಸರ ಎಲ್ಲ ತೆಗೆದಿಟ್ಟು ಹೋಗುವುದೇ ಒಳ್ಳೆಯದು. ಮೇಲೆ ಟೇಪ್ ಅಂಟಿಸಿಕೊಂಡು ಆಡೋಣ ಅಂದರೆ ರೆಫರಿ ಒಪ್ಪುವುದಿಲ್ಲ. ಹೊಸದಾಗಿ ಚುಚ್ಚಿಸುವುದಿದ್ದರೆ ಸೀಸನ್ ಮುಗಿದ ಮೇಲೆ. ಗಾಯ ಮಾಯಲು ವಾರಗಟ್ಟಲೆ ಬೇಕು, ಅಷ್ಟರೊಳಗೆ ತೆಗೆದರೆ ಮುಚ್ಚಿಹೋಗುತ್ತದೆ.

ಪ್ರಶ್ನೆ: 16 ವರ್ಷದ ಮಗಳು ಸೀಸನ್‌ನ ಮೂರನೇ ವಾರಕ್ಕೇ ಸುಸ್ತಾಗಿದ್ದಾಳೆ. ಶಾಲೆಯಿಂದ ಬಂದವಳು ಶೂ ಬಿಚ್ಚದೇ ಸೋಫಾದ ಮೇಲೆ ನಿದ್ದೆ ಹೋಗುತ್ತಾಳೆ. ನಾವು ಸಸ್ಯಾಹಾರಿಗಳು. ಮೂರು ತಿಂಗಳಿಂದ ಮುಟ್ಟೂ ಆಗಿಲ್ಲ. ಆಟದ ದಿನಗಳಲ್ಲಿ ಅದೇ ಅನುಕೂಲ ಅಂತ ಅವಳಿಗೆ ಖುಷಿ. (ಒಬ್ಬ ತಾಯಿ, ಟೆಕ್ಸಸ್)

ದಯವಿಟ್ಟು ಈ ವಾರವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಆಡುವ ಹುಡುಗಿಗೆ ಮೂರು ತಿಂಗಳು ಮುಟ್ಟು ನಿಂತಿದೆ ಅಂದರೆ ಅದು ಅನುಕೂಲವಲ್ಲ. ಕಾರಣ ಬೇರೆಯೂ ಇರಬಹುದು, ಅದನ್ನು ಡಾಕ್ಟರ್ ನೋಡುತ್ತಾರೆ. ಆದರೆ ಆಟಗಾರ್ತಿಯರಲ್ಲಿ ಬಹಳ ಸಲ ಕಾಣುವ ಕಾರಣ ಒಂದೇ: ಓಡಿ ಖರ್ಚು ಮಾಡುವಷ್ಟು ಅವಳು ತಿನ್ನುತ್ತಿಲ್ಲ. ಆಗ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಮೊದಲು ಮುಟ್ಟು ನಿಲ್ಲಿಸುತ್ತದೆ, ಆಮೇಲೆ ಮೂಳೆ ಸೊರಗುತ್ತದೆ. ಮೂಳೆ ಗಟ್ಟಿಯಾಗುವ ವಯಸ್ಸೇ ಇದು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಿ ಅಂತ ಕೇಳಿ. ಫೆರಿಟಿನ್ ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಹಿಮೋಗ್ಲೋಬಿನ್ ಸರಿ ಇದ್ದರೂ ಇದು ತಳ ಕಂಡಿರಬಹುದು. 14ರಿಂದ 18ರ ಹುಡುಗಿಯರಿಗೆ ದಿನಕ್ಕೆ 15 ಮಿಲಿಗ್ರಾಂ ಕಬ್ಬಿಣ ಬೇಕು. ಬೇಳೆ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ಹಾಗಾಗಿ ಸಸ್ಯಾಹಾರಿಗಳಿಗೆ ಇನ್ನೂ ಜಾಸ್ತಿ ಬೇಕು. ಊಟದ ಜೊತೆ ನಿಂಬೆರಸ ಅಥವಾ ಕಿತ್ತಳೆ ಇದ್ದರೆ ಚೆನ್ನಾಗಿ ಹತ್ತುತ್ತದೆ. ಕಾಫಿ, ಟೀ ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಲಿ. ಪರೀಕ್ಷೆ ಮಾಡಿಸದೇ ಕಬ್ಬಿಣದ ಮಾತ್ರೆ ಮಾತ್ರ ಕೊಡಬೇಡಿ.

ಜೊತೆಗೆ ಅವಳ ದಿನವನ್ನು ಒಮ್ಮೆ ಗಡಿಯಾರದ ಪ್ರಕಾರ ಬರೆದು ನೋಡಿ. ಎಷ್ಟೋ ಶಾಲೆಗಳಲ್ಲಿ ಹನ್ನೊಂದಕ್ಕೇ ಲಂಚ್ ಮುಗಿದಿರುತ್ತದೆ. ಪ್ರಾಕ್ಟೀಸ್ ಮೂರಕ್ಕೆ, ಮನೆ ಸೇರುವುದು ಆರಕ್ಕೆ. ನಡುವಿನ ಏಳು ಗಂಟೆ ಹೊಟ್ಟೆಗೆ ಏನು ಬಿತ್ತು? ಕೊನೆಯ ಬೆಲ್ ಆದ ಕೂಡಲೇ ತಿನ್ನಲು ಬಾಳೆಹಣ್ಣು, ಪೀನಟ್ ಬಟರ್ ಸ್ಯಾಂಡ್‌ವಿಚ್ ಬ್ಯಾಗಿನ ಮುಂದಿನ ಜೇಬಿನಲ್ಲೇ ಇರಲಿ. ಒಳಗಿಟ್ಟರೆ ಪುಸ್ತಕದ ಕೆಳಗೆ ಅಪ್ಪಚ್ಚಿಯಾಗಿ ಹಾಗೇ ವಾಪಸ್ ಬರುತ್ತದೆ. ಪ್ರಾಕ್ಟೀಸ್ ಮುಗಿದ ಒಂದು ಗಂಟೆಯೊಳಗೆ ಸರಿಯಾದ ಊಟ. ನಿದ್ದೆ ಎಂಟರಿಂದ ಹತ್ತು ಗಂಟೆ. ಹೋಮ್‌ವರ್ಕ್ ಇದೆ, ಗೊತ್ತು. ಆದರೂ ನಿದ್ದೆ ಕದ್ದರೆ ಆಟ, ಓದು ಎರಡೂ ಕೆಡುತ್ತವೆ.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ. "ತೊಡೆ ದಪ್ಪ ಆಯ್ತು", "ಬಿಸಿಲಲ್ಲಿ ಕಪ್ಪಾಗಿಬಿಟ್ಟೆ" ಅನ್ನುವ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರದಂತೆ ನೋಡಿಕೊಳ್ಳಿ. ಪ್ರೀತಿಯಿಂದಲೇ ಅಂದರೂ, ಅದನ್ನು ಕೇಳಿ ಊಟ ಕಡಿಮೆ ಮಾಡಿದ ಹುಡುಗಿಯರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಮಗಳು ಆರು ವರ್ಷ ಶಾಲೆಯ ಹೊರಗಿನ ಖಾಸಗಿ ಕ್ಲಬ್‌ನಲ್ಲಿ ಆಡಿದ್ದಾಳೆ. ಸಾವಿರಾರು ಡಾಲರ್ ಖರ್ಚಾಗಿದೆ. ಈಗ ಜೆವಿಗೆ ಹಾಕಿದ್ದಾರೆ, ಅಲ್ಲೂ ಹದಿನೈದು ನಿಮಿಷ ಆಡಿಸುತ್ತಾರೆ. ಕೋಚ್‌ಗೆ ಇಮೇಲ್ ಬರೆದಿಟ್ಟಿದ್ದೇನೆ. ಕಳಿಸಲಾ? (ಒಬ್ಬ ತಂದೆ, ನ್ಯೂಜೆರ್ಸಿ)

ಕಳಿಸಬೇಡಿ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಏಕೆಂದರೆ ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಪಂದ್ಯ ಮುಗಿದ ಕೂಡಲೇ ಪಾರ್ಕಿಂಗ್‌ನಲ್ಲಿ ಅವಳ ಕೋಚ್‌ನ ನಿಲ್ಲಿಸಿ ಮಾತಾಡಿದೆ. ನಾನೇ ಕೋಚ್ ಆಗಿದ್ದೂ! ವಾಪಸ್ ಬಂದಾಗ ಅವಳು ಕಾರಿನಲ್ಲಿ ಕೂತಿದ್ದಳು, ಶಿನ್ ಗಾರ್ಡ್ ಕೂಡ ಬಿಚ್ಚಿರಲಿಲ್ಲ. ಮನೆ ಬರುವವರೆಗೂ ಕಿಟಕಿ ಕಡೆಗೇ ನೋಡುತ್ತಿದ್ದಳು. ಆಮೇಲೆ ಎರಡು ವಾರ, ಪಂದ್ಯ ಎಷ್ಟು ಗಂಟೆಗೆ ಅಂತಲೂ ನನಗೆ ಹೇಳಲಿಲ್ಲ.

ಎಷ್ಟೋ ಶಾಲೆಗಳು 24 ಗಂಟೆಯ ನಿಯಮ ಇಟ್ಟುಕೊಂಡಿವೆ. ಪಂದ್ಯ ಮುಗಿದು ಒಂದು ದಿನ ಆಗುವವರೆಗೆ ಪೋಷಕರು ಕೋಚ್ ಜೊತೆ ಆ ಬಗ್ಗೆ ಮಾತಾಡುವ ಹಾಗಿಲ್ಲ. ಆರೋಗ್ಯ, ಸುರಕ್ಷತೆ, ಓದು, ಯಾರಾದರೂ ಕಾಟ ಕೊಡುತ್ತಿದ್ದರೆ, ಇವನ್ನೆಲ್ಲ ನೀವು ಧಾರಾಳವಾಗಿ ಎತ್ತಬಹುದು. ಎಷ್ಟು ನಿಮಿಷ ಆಡಿಸುತ್ತಾರೆ ಅನ್ನುವುದನ್ನು ಅವಳೇ ಕೇಳಬೇಕು. ಹೇಗೆ ಕೇಳುವುದು ಅಂತ ಮನೆಯಲ್ಲಿ ಒಮ್ಮೆ ಮಾತಾಡಿ ನೋಡಲಿ, ನೀವು ಕೋಚ್ ಆಗಿ ಎದುರು ಕೂರಿ. "ನನ್ನನ್ನು ಯಾಕೆ ಆಡಿಸುತ್ತಿಲ್ಲ?" ಅಲ್ಲ. "ಹೆಚ್ಚು ಹೊತ್ತು ಆಡಬೇಕಾದರೆ ನಾನು ಯಾವುದನ್ನು ಸರಿಮಾಡಿಕೊಳ್ಳಬೇಕು?" ಹೀಗೆ ಕೇಳಿದ ಹುಡುಗಿಯನ್ನು ಕೋಚ್ ಮರೆಯುವುದಿಲ್ಲ. ಶಾಲಾ ಸಾಕರ್‌ನಲ್ಲಿ ಹೊರಗೆ ಬಂದವರು ಮತ್ತೆ ಒಳಗೆ ಹೋಗಬಹುದು, ಹಾಗಾಗಿ ಕೋಚ್‌ಗೆ ಅವಳನ್ನು ಇಳಿಸಿ ನೋಡಲು ಅವಕಾಶವೂ ಸಾಕಷ್ಟಿರುತ್ತದೆ.

ಸ್ಕಾಲರ್‌ಶಿಪ್ ನಿಮ್ಮ ಮನಸ್ಸಿನಲ್ಲಿದ್ದರೆ: ಹೈಸ್ಕೂಲ್‌ನಲ್ಲಿ ಆಡುವ ನೂರು ಹುಡುಗಿಯರಲ್ಲಿ ಎನ್‌ಸಿಎಎ (ಕಾಲೇಜು ಆಟಗಳ ರಾಷ್ಟ್ರೀಯ ಸಂಘ) ಅಡಿಯ ಕಾಲೇಜು ತಂಡ ಸೇರುವವರು ಹತ್ತಕ್ಕಿಂತ ಕಡಿಮೆ. ಅದರ ಮೂರನೇ ಮಟ್ಟವಾದ ಡಿವಿಷನ್ 3 ಕಾಲೇಜುಗಳಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಎಲ್ಲಕ್ಕಿಂತ ಮೇಲಿನ ಮಟ್ಟವಾದ ಡಿವಿಷನ್ 1 ಕೋಚ್‌ಗಳು ಹತ್ತನೇ ಕ್ಲಾಸ್ ಮುಗಿದ ಜೂನ್ 15ರವರೆಗೆ ಅವಳನ್ನು ತಂಡಕ್ಕೆ ಕರೆಯುವ ಮಾತೇ ಆಡುವಂತಿಲ್ಲ. ಅವರು ಹೆಚ್ಚಾಗಿ ನೋಡುವುದೂ ಕ್ಲಬ್ ಪಂದ್ಯಗಳನ್ನು. ಒಂದು ವರ್ಷ ಜೆವಿ ಆಡಿದ್ದರಿಂದ ಯಾವ ಬಾಗಿಲೂ ಮುಚ್ಚಿಲ್ಲ.

ಪ್ರಶ್ನೆ: ಮಗಳು ಹೆಡರ್ ಮಾಡುವಾಗ (ಚೆಂಡನ್ನು ತಲೆಯಿಂದ ಹೊಡೆಯುವಾಗ) ತಲೆಗೆ ತಲೆ ಬಡಿಯಿತು. ಸ್ವಲ್ಪ ತಲೆನೋವು, ಬೆಳಕು ಕಂಡರೆ ಕಿರಿಕಿರಿ ಅಂತಾಳೆ. ಶನಿವಾರ ದೊಡ್ಡ ಪಂದ್ಯ, ಆಡುತ್ತೇನೆ ಅಂತ ಹಟ.

ಆಡಬಾರದು. ಇದರಲ್ಲಿ ಚೌಕಾಸಿ ಇಲ್ಲ. ನೀವು ಹೇಳಿದ್ದು ಕನ್ಕಷನ್, ಅಂದರೆ ತಲೆಗೆ ಪೆಟ್ಟು ಬಿದ್ದು ಮಿದುಳಿಗಾಗುವ ಗಾಯದ ಲಕ್ಷಣ. ವಾಷಿಂಗ್ಟನ್ ರಾಜ್ಯ 2009ರಲ್ಲಿ ಇದಕ್ಕೊಂದು ಕಾನೂನು ಮಾಡಿತು, ಈಗ ಎಲ್ಲ ರಾಜ್ಯಗಳಲ್ಲೂ ಕಾನೂನಿದೆ. ಅನುಮಾನ ಬಂದರೂ ಸಾಕು, ಆ ದಿನ ಹೊರಗೆ. ತಿಳಿದ ವೈದ್ಯರು ಬರೆದುಕೊಟ್ಟ ಮೇಲೆ ಹಂತ ಹಂತವಾಗಿ ವಾಪಸ್, ಒಂದೊಂದು ಹಂತಕ್ಕೆ ಕಡಿಮೆ ಅಂದರೂ 24 ಗಂಟೆ. ಮೊದಲ ಪೆಟ್ಟು ವಾಸಿಯಾಗುವ ಮೊದಲೇ ಎರಡನೆಯದು ಬಿದ್ದರೆ ಜೀವಕ್ಕೇ ಅಪಾಯ. ವಾಂತಿ, ತಡೆಯಲಾಗದ ತಲೆನೋವು, ತೊದಲುವ ಮಾತು, ಎಬ್ಬಿಸಲಾಗದ ಮಂಪರು ಇದ್ದರೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ. ಆಟಗಾರರ ಗಾಯ ನೋಡಿಕೊಳ್ಳುವ ತಂಡದ ಟ್ರೈನರ್‌ಗೆ ಇವತ್ತೇ ಫೋನ್ ಮಾಡಿ.

ಪ್ರಶ್ನೆ: ನಾನು ಹನ್ನೊಂದನೇ ಕ್ಲಾಸ್, ಲೆಫ್ಟ್ ಬ್ಯಾಕ್ ಆಡ್ತೀನಿ, ಅಂದ್ರೆ ಎಡಗಡೆ ಡಿಫೆನ್ಸ್. ಅಪ್ಪ ಒಂದು ಪಂದ್ಯವೂ ಬಿಡಲ್ಲ, ಅದು ಇಷ್ಟ. ಆದ್ರೆ ಗೆರೆ ಪಕ್ಕ ನಿಂತು ಕನ್ನಡದಲ್ಲಿ "ಮುಂದೆ ಹೋಗು! ಹೊಡಿ! ಹೊಡಿ!" ಅಂತ ಕೂಗ್ತಾರೆ. ಕೋಚ್ ಹೇಳೋದು ಕೇಳಿಸಲ್ಲ. ಹೇಗೆ ಹೇಳ್ಲಿ?

ನಿನ್ನ ಪತ್ರ ಓದಿ ಖುಷಿಯಾಯಿತು, ಏಕೆಂದರೆ ಅಪ್ಪ ಬರುವುದು ಇಷ್ಟ ಅಂತ ಮೊದಲು ಬರೆದಿದ್ದೀಯ. ಅವರಿಗೂ ಅದನ್ನೇ ಮೊದಲು ಹೇಳು. ಪಂದ್ಯದ ದಿನ ಬೇಡ, ಹಿಂದಿನ ದಿನ ಹೇಳು. ಆಮೇಲೆ ಮೈದಾನದಲ್ಲಿ ಏನಾಗುತ್ತದೆ ಅಂತ ತೋರಿಸು. ಊಟದ ಮೇಜಿನ ಮೇಲೆ ನಾಲ್ಕು ಲೋಟ ಇಟ್ಟು ನಿಮ್ಮ ಡಿಫೆನ್ಸ್ ಸಾಲು ಮಾಡು. "ನಾನು ಇಲ್ಲಿ. ಅಪ್ಪಾ, ನೀನು 'ಮುಂದೆ ಹೋಗು' ಅಂದಾಗ ಕೋಚ್ 'ನಿಲ್ಲು' ಅಂತಿರ್ತಾರೆ. ನಾನು ಹೋದ್ರೆ ಇಲ್ಲಿ ಜಾಗ ಖಾಲಿ, ಅವರ ವಿಂಗರ್ ಇಲ್ಲಿಂದ ನುಗ್ತಾಳೆ." ಹೀಗೆ ಲೋಟ ಸರಿಸಿ ತೋರಿಸಿದರೆ ಅಪ್ಪಂದಿರಿಗೆ ಬೇಗ ಅರ್ಥವಾಗುತ್ತದೆ.

ಸುಮ್ಮನೆ ನಿಲ್ಲಿ ಅಂದರೆ ಅವರಿಗೂ ಕಷ್ಟ, ಅಲ್ವಾ? ಒಂದು ಕೆಲಸ ಕೊಡು. ನೀನು ಗೆದ್ದ ಟ್ಯಾಕಲ್ ಎಷ್ಟು, ಪಾಸ್ ಎಷ್ಟು ಸರಿ ಹೋಯಿತು ಅಂತ ಎಣಿಸಿ ಬರೆದುಕೊಳ್ಳಲಿ. ಚಪ್ಪಾಳೆ ಎಷ್ಟು ಬೇಕಾದರೂ ಹೊಡೆಯಲಿ. ಕಾರಿನಲ್ಲಿ ವಾಪಸ್ ಬರುವಾಗ ಪಂದ್ಯದ ಮಾತು ನೀನು ಎತ್ತಿದರೆ ಮಾತ್ರ, ಇಲ್ಲದಿದ್ದರೆ ಇಲ್ಲ ಅಂತ ಇಬ್ಬರೂ ಒಪ್ಪಿಕೊಳ್ಳಿ. ಸೋತ ದಿನ ಅವರು ಬರೆದ ಚೀಟಿಯನ್ನು ನೀನೇ ಕೇಳಿ ತೆಗೆದುಕೋ. ನಿನಗೆ ನೆನಪಿಲ್ಲದ ಎರಡು ಮೂರು ಒಳ್ಳೆಯ ಟ್ಯಾಕಲ್ ಅದರಲ್ಲಿ ಇರುತ್ತವೆ.