ಓದುಗರ ಪ್ರಶ್ನೆ: ಹಳೆಯ ಗೇಮಿಗೆ ಬಲವಾದ ಕಂಪ್ಯೂಟರ್ ಏಕೆ ಬೇಕು?

ಪ್ರಶ್ನೆ: ನಮ್ಮ ಅಣ್ಣನ ಪ್ಲೇಸ್ಟೇಷನ್ 2 ಕೆಟ್ಟುಹೋದ ಮೇಲೆ ಅದರ ಡಿಸ್ಕುಗಳನ್ನು ಎಮ್ಯುಲೇಟರ್ (ಒಂದು ಯಂತ್ರವನ್ನು ಇನ್ನೊಂದರಲ್ಲಿ ಅನುಕರಿಸುವ ತಂತ್ರಾಂಶ) ಮೂಲಕ ಲ್ಯಾಪ್‌ಟಾಪಿನಲ್ಲಿ ಆಡಲು ನೋಡಿದೆ. ಚಿತ್ರ ತೆವಳುತ್ತದೆ, ಧ್ವನಿ ತುಂಡುತುಂಡಾಗುತ್ತದೆ. ಆ ಯಂತ್ರದ ಪ್ರೊಸೆಸರ್ 300 ಮೆಗಾಹರ್ಟ್ಸ್ ಕೂಡ ಇರಲಿಲ್ಲವಂತೆ, ನನ್ನದು 1.6 ಗಿಗಾಹರ್ಟ್ಸ್, ಎರಡು ಕೋರಿನದು. ಐದು ಪಟ್ಟು ವೇಗವಿದ್ದೂ ಏಕೆ ಸೋಲುತ್ತಿದೆ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಮೆಗಾಹರ್ಟ್ಸ್ ಒಂದನ್ನೇ ಅಳೆದರೆ ಹೀಗೆ ಅನಿಸುವುದು ಸಹಜ. 2000ದಲ್ಲಿ ಬಂದ ಪ್ಲೇಸ್ಟೇಷನ್ 2ರ ಮುಖ್ಯ ಪ್ರೊಸೆಸರಿನ ವೇಗ ಸುಮಾರು 294 ಮೆಗಾಹರ್ಟ್ಸ್ ಎಂಬುದು ನಿಜವಾದರೂ, ಅದರ ಜೊತೆಗೆ ಹಲವು ಸಂಖ್ಯೆಗಳ ಲೆಕ್ಕವನ್ನು ಒಟ್ಟಿಗೇ ಮಾಡುವ ಎರಡು ವೆಕ್ಟರ್ ಘಟಕಗಳು, ಚಿತ್ರ ಮೂಡಿಸುವ ಚಿಪ್, ಧ್ವನಿಯ ಚಿಪ್, ಡಿಸ್ಕ್ ಮತ್ತು ಕಂಟ್ರೋಲರುಗಳನ್ನು ನೋಡಿಕೊಳ್ಳಲು ಮೊದಲ ಪ್ಲೇಸ್ಟೇಷನ್ನಿನದೇ ಪ್ರೊಸೆಸರ್, ಇವೆಲ್ಲವೂ ಏಕಕಾಲಕ್ಕೆ ದುಡಿಯುತ್ತಿದ್ದವು. ನಮ್ಮ ಮದುವೆಮನೆಗಳಲ್ಲಿ ಕೊಂಬು, ಕೊಟ್ಟು, ವಾಲಗ ಮೂರನ್ನೂ ಒಬ್ಬನೇ ಸರದಿಯಂತೆ ಎತ್ತಿಕೊಂಡು ನುಡಿಸಿ, ಕುಣಿಯುವವರ ಹೆಜ್ಜೆ ತಪ್ಪದಂತೆಯೂ ನೋಡಿಕೊಳ್ಳಬೇಕಾದರೆ ಅವನ ಕೈ ಎಷ್ಟು ಚುರುಕಾಗಿರಬೇಕು? ನಿಮ್ಮ ಲ್ಯಾಪ್‌ಟಾಪಿನ ಪಾಡು ಅದೇ. ಸೆಕೆಂಡಿಗೆ 60 ಚಿತ್ರ ತೋರಿಸುವ ಗೇಮಿನಲ್ಲಿ ಒಂದು ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್, ಅಷ್ಟರೊಳಗೆ ಮುಖ್ಯ ಪ್ರೊಸೆಸರಿನ ಸುಮಾರು 49 ಲಕ್ಷ ಆವರ್ತಗಳ (ಪ್ರೊಸೆಸರಿನ ಗಡಿಯಾರದ ಮಿಡಿತಗಳ) ಕೆಲಸವನ್ನೂ, ಅದೇ ಅವಧಿಯಲ್ಲಿ ಉಳಿದ ಚಿಪ್‌ಗಳು ಮಾಡುತ್ತಿದ್ದುದನ್ನೂ ಅನುಕರಿಸಬೇಕು.

ಇದರ ಮೇಲೆ ಭಾಷೆಯ ತೊಡಕು. ಆ ಪ್ರೊಸೆಸರಿಗೆ ತಿಳಿಯುವುದು ಮಿಪ್ಸ್ ಸೂಚನೆಗಳು, ಸಾಮಾನ್ಯ ಲ್ಯಾಪ್‌ಟಾಪಿಗೆ ತಿಳಿಯುವುದು ಎಕ್ಸ್86 ಸೂಚನೆಗಳು. ಹಾಗಾಗಿ ಅಲ್ಲಿನ ಒಂದು ಸೂಚನೆ ಇಲ್ಲಿ ಹಲವಾಗಬಹುದು. ಪಿಸಿಎಸ್‌ಎಕ್ಸ್2ರಂತಹ ಎಮ್ಯುಲೇಟರುಗಳು ಒಮ್ಮೆ ಅನುವಾದಿಸಿದ ಭಾಗವನ್ನು ತೆಗೆದಿಟ್ಟು ಮತ್ತೆ ಬಳಸುವುದರಿಂದಲೇ ಆಟ ಆಡುವಷ್ಟಾದರೂ ನಡೆಯುತ್ತದೆ. ಆದರೂ ವ್ಯತ್ಯಾಸಗಳು ಎಂತಹ ಸಣ್ಣ ಕಡೆಗಳಲ್ಲಿ ಅಡಗಿರುತ್ತವೆಂದರೆ, ದಶಾಂಶ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದಾಗ ಇಂದಿನ ಕಂಪ್ಯೂಟರ್ ‘ಅನಂತ’ ಎಂದು ಉತ್ತರಿಸಿದರೆ, ಪ್ಲೇಸ್ಟೇಷನ್ 2 ತನಗೆ ಸಾಧ್ಯವಿರುವ ಅತಿ ದೊಡ್ಡ ಸಂಖ್ಯೆಯನ್ನು ಕೊಟ್ಟು ಮುಂದೆ ಹೋಗುತ್ತಿತ್ತು. ಗೇಮ್ ಬರೆದವರು ಅದನ್ನೇ ನಂಬಿ ಬರೆದಿರುವುದರಿಂದ, ಎಮ್ಯುಲೇಟರ್ ಅಂತಹ ಲೆಕ್ಕಗಳ ಉತ್ತರವನ್ನು ತಡೆದು ತಿದ್ದಬೇಕಾಗುತ್ತದೆ. ಇಲ್ಲವಾದರೆ ಪಾತ್ರದ ಕೈಕಾಲು ತೆರೆಯ ಆಚೆಗೆ ಹರಡಿಕೊಂಡರೂ ಆಶ್ಚರ್ಯವಿಲ್ಲ.

ಕೋರುಗಳು, ಅಂದರೆ ಪ್ರೊಸೆಸರಿನೊಳಗೆ ಬೇರೆಬೇರೆಯಾಗಿ ಕೆಲಸ ಮಾಡಬಲ್ಲ ಭಾಗಗಳು, ಹೆಚ್ಚಿದ್ದರೆ ಸಾಲದೇ ಎಂದು ನೀವು ಕೇಳಬಹುದು. ಈ ಚಿಪ್‌ಗಳು ಪರಸ್ಪರರ ಉತ್ತರಕ್ಕೆ ಕಾಯುವುದರಿಂದ ಕೆಲಸವನ್ನು ಕೆಲವೇ ಪಾಲಾಗಿ ಹಂಚಬಹುದು. ಆದ್ದರಿಂದ ಇಲ್ಲಿ ಒಂದೊಂದು ಕೋರಿನ ವೇಗವೇ ಮುಖ್ಯ, ಅಂಗಡಿಯವರು ಎಂಟು ಕೋರ್ ಎಂದು ಹೊಗಳಿದರೂ ಸರಿ.

ಹೊಸದನ್ನು ಕೊಳ್ಳುವ ಮೊದಲು ಎಮ್ಯುಲೇಟರಿನಲ್ಲಿ ಚಿತ್ರದ ರೆಸಲ್ಯೂಷನ್ನನ್ನು ಮೂಲ ಯಂತ್ರದ ಮಟ್ಟಕ್ಕೇ ಇಳಿಸಿ ನೋಡಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಆಡುತ್ತಿದ್ದರೆ ಲ್ಯಾಪ್‌ಟಾಪ್ ತಾನಾಗಿಯೇ ಪ್ರೊಸೆಸರಿನ ವೇಗ ತಗ್ಗಿಸಿರಬಹುದು, ಅದನ್ನೂ ಗಮನಿಸಿ. ಎರಡರಿಂದಲೂ ಫಲ ಸಿಗದಿದ್ದರೆ, ಸದ್ಯಕ್ಕೆ ಮೊದಲ ಪ್ಲೇಸ್ಟೇಷನ್ನಿನ ಗೇಮುಗಳನ್ನು ಆಡಿ. ಅವಕ್ಕೆ ನಿಮ್ಮ ಲ್ಯಾಪ್‌ಟಾಪ್ ಸಾಕು.