ಬಿಸಿಲು ಬಿದ್ದ ದಿನದ ಹಿಮ

ಮೈಸೂರಿನ ಕುವೆಂಪುನಗರದಿಂದ ತಾಯಿಯೊಬ್ಬರು ಬರೆದಿದ್ದಾರೆ: ‘ಮಗಳು ಜನವರಿಯಲ್ಲಿ ಉತ್ತರಾಖಂಡಕ್ಕೆ ಚಾರಣ ಹೊರಟಿದ್ದಾಳೆ. ಮೂರು ತಿಂಗಳಿಂದ ಚಾಮುಂಡಿಯ ಸಾವಿರ ಮೆಟ್ಟಿಲು ಹತ್ತುತ್ತಿದ್ದಾಳೆ. ಬಿಸಿಲಿದ್ದರೆ ಹಿಮಪಾತದ ಭಯವಿಲ್ಲ ಅಂತಾಳೆ. ನಿಜವೇ?’

ಸಂಪಾದಕರ ಉತ್ತರ: ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆಕಾಶದಿಂದ ಹಿಮ ಬೀಳುವುದಕ್ಕೂ ಬೆಟ್ಟದಿಂದ ಹಿಮ ಕುಸಿದು ಬರುವುದಕ್ಕೂ ‘ಹಿಮಪಾತ’ ಎಂದೇ ಬರೆದು ಬರೆದು ಪತ್ರಿಕೆಯವರು ನಾವೇ ಗೊಂದಲ ಮಾಡಿಟ್ಟಿದ್ದೇವೆ. ನಿಮ್ಮ ಮಗಳ ಲೆಕ್ಕ ಮೊದಲನೆಯದಕ್ಕೆ ಸರಿ. ಎರಡನೆಯದಕ್ಕೆ, ಅಂದರೆ ಹಿಮಕುಸಿತಕ್ಕೆ, ಪೂರಾ ತಲೆಕೆಳಗು. ರಾತ್ರಿಯೆಲ್ಲ ಹಿಮ ಸುರಿದು, ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದಲ್ಲ, ಹೆಚ್ಚು ಹೆದರಬೇಕಾದದ್ದು ಅಂಥ ದಿನಕ್ಕೇ. ಹೊಸ ಹಿಮ ಇನ್ನೂ ಕಚ್ಚಿಕೊಂಡಿರುವುದಿಲ್ಲ, ಬಿಸಿಲು ಅದನ್ನು ಮತ್ತಷ್ಟು ಸಡಿಲಿಸುತ್ತದೆ. ಹಿಮ ಬೀಳದ ದಿನವೂ ಗಾಳಿ ಒಂದು ಮಗ್ಗುಲಿನದನ್ನು ಹೊತ್ತು ಇನ್ನೊಂದು ಮಗ್ಗುಲಿಗೆ ಹೇರುತ್ತಿರುತ್ತದೆ.

ಅಡುಗೆಮನೆಯಲ್ಲೇ ಮಾಡಿ ನೋಡಿ. ತಟ್ಟೆಯಲ್ಲಿ ಸಕ್ಕರೆ ಹರವಿ, ಮೇಲೊಂದು ಆರಿದ ಅಕ್ಕಿರೊಟ್ಟಿ ಇಟ್ಟು, ನಿಧಾನಕ್ಕೆ ಓರೆ ಮಾಡಿ. ಸ್ವಲ್ಪ ಹೊತ್ತು ರೊಟ್ಟಿ ಅಲುಗುವುದಿಲ್ಲ. ಆಮೇಲೆ ಇಡಿಯಾಗಿ ಜಾರುತ್ತದೆ. ಚಳಿ ಬಹಳ ದಿನ ಹಿಡಿದರೆ ಅಡಿಯ ಹಿಮವೂ ಹೀಗೇ ಹರಳುಹರಳಾಗಿ, ಒಂದಕ್ಕೊಂದು ಅಂಟದೆ ಉಳಿಯುತ್ತದೆ. ಮೇಲಿನ ಗಟ್ಟಿ ಪದರ ಹರಿಯಲು ಒಬ್ಬರು ಕಾಲಿಟ್ಟರೂ ಸಾಕಾದೀತು. ಸಿಕ್ಕಿಬೀಳುವ ಚಾರಣಿಗರಲ್ಲಿ ಹೆಚ್ಚಿನವರು ತಾವೋ ಜತೆಯವರೋ ಹೀಗೆ ಕೆದಕಿದ ಹಿಮದಲ್ಲೇ ಸಿಕ್ಕಿಬೀಳುವುದು. ಕಾಲಡಿ ‘ಧುಂ’ ಎಂದು ಕುಸಿದ ಸದ್ದಾದರೆ ಆ ಇಳಿಜಾರಿನ ಸಹವಾಸ ಬೇಡ.

ಕಾಲಿನ ಕಸುವು ಇಲ್ಲಿ ಕಾಯುವುದಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕ 10 ಮಂದಿಯೂ ಸೈನಿಕರು, ನಮ್ಮ ಎಚ್.ಡಿ. ಕೋಟೆಯ ಯೋಧನೂ ಅವರಲ್ಲಿದ್ದರು. ಹನುಮಂತಪ್ಪ ಕೊಪ್ಪದ ಅವರು 6 ದಿನದ ಮೇಲೆ ಜೀವಂತ ಸಿಕ್ಕಿದ್ದು ಎಲ್ಲರಿಗೂ ನೆನಪಿದೆ. ಅವರೂ ಉಳಿಯಲಿಲ್ಲ. ಸಾಮಾನ್ಯರ ಲೆಕ್ಕವಾದರೋ 10–15 ನಿಮಿಷದ್ದು. ಆಮೇಲೆ ಬದುಕುವ ಆಸೆ ಸರ್ರನೆ ಇಳಿಯುತ್ತದೆ. ಹೆಲಿಕಾಪ್ಟರ್ ಬರುವವರೆಗೆ ಕಾಯುವ ಮಾತೇ ಇಲ್ಲ, ಪಕ್ಕದಲ್ಲಿದ್ದವರೇ ಅಗೆದು ತೆಗೆಯಬೇಕು.

ಹಾಗಾಗಿ ಕರೆದೊಯ್ಯುವವರನ್ನು ಕೇಳಿ: ಹೂತವರನ್ನು ಪತ್ತೆಹಚ್ಚುವ ಟ್ರಾನ್ಸ್‌ಸೀವರ್, ಚುಚ್ಚಿ ನೋಡುವ ಉದ್ದನೆಯ ಕಡ್ಡಿ, ಸಲಿಕೆ ಪ್ರತಿಯೊಬ್ಬರ ಬಳಿಯೂ ಇರುತ್ತದೆಯೇ? ವಾಪಸ್ ಹೊರಡೋಣ ಎನ್ನುವ ಅಧಿಕಾರ ಯಾರದು? ಅರ್ಧಕ್ಕೇ ಹಿಂದಿರುಗಿದರೆ ದುಡ್ಡಿನ ಕಥೆಯೇನು? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ, ನಾನಾಗಿದ್ದರೆ ಮಗಳನ್ನು ಕಳಿಸುತ್ತಿರಲಿಲ್ಲ.

ಅಂದಹಾಗೆ, ಇಂಥ ಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. 30 ಎಂದರೆ ಎಷ್ಟು ಓರೆ ಅಂತ ತಟ್ಟೆ ಹಿಡಿದಾಗಲೇ ಅಳೆದುಬಿಡಿ. ಮಗಳ ಹಳೆಯ ಜಾಮೆಟ್ರಿ ಬಾಕ್ಸಿನಲ್ಲಿ ಕೋನಮಾಪಕ ಇದ್ದೀತು.